ಡಬ್ಬಿಯ ಮೇಲಿನ ಆರುನೂರ ಎಪ್ಪತ್ತೈದು

ಮೂವತ್ತೆರಡನೆಯ ವಯಸ್ಸಿಗೇ ನಿವೃತ್ತನಾದವನನ್ನು ನೀವು ನೋಡಿರಲಿಕ್ಕಿಲ್ಲ. ನೋಡಿಕೊಳ್ಳಿ, ನಾನೇ. ಶಹಾಬಾದಿನ ಒಂದು ಅಂಗಡಿಯಲ್ಲಿ ಶಾಲೆಗಳ ಪ್ರಯೋಗಾಲಯಕ್ಕೆ ಬೇಕಾದ ಸಾಮಾನು ಮಾರುತ್ತಿದ್ದೆವು. ಅದರಲ್ಲಿ ದುರ್ಬೀನಿನ ಖಾತೆ ನನ್ನದು. ಮಾರುವುದು, ಊರೂರಿಗೆ ಹೋಗಿ ಜೋಡಿಸಿಕೊಡುವುದು, ಜೋಡಿಸಿದ ಮೇಲೆ ನಿಂತು ಬೈಸಿಕೊಳ್ಳುವುದು, ಮೂರೂ ನನ್ನ ಕೆಲಸ. ಈಗ ವಾಡಿ ಜಂಕ್ಷನ್ನಿನಲ್ಲಿ ರೇಲ್ವೆ ನೌಕರಿ ಸಿಕ್ಕಿದೆ. ಬಿಟ್ಟುಬರುವ ದಿನ ಮಾಲೀಕರಾದ ಹಮೀದ್ ಚಾಚಾ ನನಗೆ ಶಾಲು ಹೊದಿಸಿ, ಕೈಯಲ್ಲೊಂದು ತೆಂಗಿನಕಾಯಿ ಇಟ್ಟು, "ನಮ್ಮ ಹುಡುಗ ರಿಟೈರ್ ಆದ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು. ಹಾಗಾಗಿ ಇದು ಅಧಿಕೃತ.

ಬಡ್ತಿಗಳ ಬಗ್ಗೆ ಬರೆಯಲು ಏನೂ ಇಲ್ಲ. ಅಂಗಡಿಯಲ್ಲಿದ್ದವರು ಇಬ್ಬರೇ, ಚಾಚಾ ಮತ್ತು ನಾನು. ಬಡ್ತಿ ಸಿಗಬೇಕೆಂದರೆ ಅವರ ಕುರ್ಚಿಯೇ ಸಿಗಬೇಕಿತ್ತು. ಆ ಕುರ್ಚಿಗೆ ಒಂದು ಕಾಲು ಮೋಟಾಗಿತ್ತು, ಆಸೆಪಡುವಂಥದ್ದಾಗಿರಲಿಲ್ಲ.

ನನ್ನ ಜಾಗಕ್ಕೆ ಈಗ ಸೇಡಂನ ಭಾಗ್ಯಶ್ರೀ ಬಂದಿದ್ದಾಳೆ. ಬಿ.ಎಸ್ಸಿ. ಓದಿದ ಹುಡುಗಿ. ಮೊದಲ ದಿನವೇ ಫೋನ್ ಮಾಡಿ, "ಅಣ್ಣಾ, ಈ ಕೆಲಸದಾಗ ಕಲಿಯೋದು ಏನದ?" ಎಂದಳು. "ಸಣ್ಣದು ತೋರಿಸಿ ದೊಡ್ಡ ಮಂದೀನ ಖುಷಿ ಮಾಡೋದು ಅದ" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಆಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಡಬ್ಬಿಯ ವಿಷಯ. ಅಗ್ಗದ ದುರ್ಬೀನಿನ ಡಬ್ಬಿಯ ಮೇಲೆ ಬಣ್ಣಬಣ್ಣದ ಶನಿ ಗ್ರಹದ ಚಿತ್ರ ಇರುತ್ತದೆ. ಅದರ ಪಕ್ಕದಲ್ಲಿ, ಶನಿಗಿಂತ ದೊಡ್ಡದಾಗಿ, "675 ಪಟ್ಟು" ಎಂದಿರುತ್ತದೆ. ಲೆಕ್ಕ ಸರಳ. ಮುಂದಿನ ಗಾಜಿನಿಂದ ಚಿತ್ರ ಮೂಡುವ ಜಾಗದವರೆಗಿನ ದೂರವನ್ನು, ಕಣ್ಣಿಡುವ ಕಡೆಯ ಐಪೀಸಿನ ಮೇಲೆ ಬರೆದ ಸಂಖ್ಯೆಯಿಂದ ಭಾಗಿಸಬೇಕು. ನಾವು ಮಾರುತ್ತಿದ್ದ ದುರ್ಬೀನಿನಲ್ಲಿ ಆ ದೂರ ಒಂಬೈನೂರು ಮಿಲಿಮೀಟರ್. ಇಪ್ಪತ್ತರ ಐಪೀಸ್ ಹಾಕಿದರೆ ನಲವತ್ತೈದು ಪಟ್ಟು, ಹನ್ನೆರಡೂವರೆಯದು ಹಾಕಿದರೆ ಎಪ್ಪತ್ತೆರಡು, ನಾಲ್ಕರದು ಹಾಕಿದರೆ ಇನ್ನೂರ ಇಪ್ಪತ್ತೈದು. ಅದಕ್ಕೆ ಡಬ್ಬಿಯಲ್ಲಿ ಪುಕ್ಕಟೆ ಬರುವ, ಮೂರು ಪಟ್ಟು ಹಿಗ್ಗಿಸುವ ಪ್ಲಾಸ್ಟಿಕ್ ಕೊಳವೆ ಸೇರಿಸಿದರೆ ಆರುನೂರ ಎಪ್ಪತ್ತೈದು. ಡಬ್ಬಿಯವರು ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಮುಂದಿನ ಗಾಜಿನ ಅಗಲ ಬರೀ ಅರವತ್ತು ಮಿಲಿಮೀಟರ್. ಗಾಜು ಎಷ್ಟು ಮಿಲಿಮೀಟರೋ ಅದರ ದುಪ್ಪಟ್ಟು ಪಟ್ಟಿಗೆ, ಅಂದರೆ ನೂರಿಪ್ಪತ್ತಕ್ಕೆ, ಅದರ ಕಸುವು ಮುಗಿಯಿತು. ಅದೂ ಗಾಳಿ ಸುಮ್ಮನಿದ್ದು, ಸ್ಟ್ಯಾಂಡು ನಡುಗದಿದ್ದರೆ. ಉಳಿದ ಐನೂರ ಚಿಲ್ಲರೆ ಪಟ್ಟು ಡಬ್ಬಿಯಲ್ಲೇ ಉಳಿಯುತ್ತದೆ.

ಇದನ್ನು ಚಾಚಾಗೆ ತಿಳಿಸಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ.

"ಚಾಚಾ, ಒಂದು ಉಂಡಿ ಹಿಟ್ಟಿನಾಗ ಎಷ್ಟು ದೊಡ್ಡ ರೊಟ್ಟಿ ಬಡೀಬಹುದು?"

"ಯಾರು ಬಡೀಬೇಕು? ನಿಮ್ಮವ್ವ ಬಡದ್ರ ಹಂಚಿನ ತುಂಬ ಆಗ್ತದ. ನೀ ಬಡದ್ರ ತಾಲೂಕಿನ ನಕಾಶಿ ಆಗ್ತದ."

"ನಮ್ಮವ್ವಾನೇ ಬಡೀಲಿ. ಹಂಚು ದಾಟಿಸಿ ಬಡದ್ರ?"

"ಹರೀತದ."

"ಹಾಂ. ಗಾಜು ಹಿಡಿಯೋ ಬೆಳಕು ಅಂದ್ರ ಆ ಹಿಟ್ಟಿನ ಉಂಡಿ. ಆರ್‌ನೂರಾ ಎಪ್ಪತ್ತೈದರ ತನಕ ಬಡದ್ರ ಹರದು ಹೋಗ್ತದ. ಕತ್ತಲಿ ಕಾಣ್ತದ, ಮಸಕು ಕಾಣ್ತದ."

ಚಾಚಾ ಮೋಟು ಕಾಲಿನ ಕುರ್ಚಿಯಲ್ಲಿ ಒಂದು ಸಲ ಹಿಂದಕ್ಕೆ, ಒಂದು ಸಲ ಮುಂದಕ್ಕೆ ತೂಗಿದರು. ಅವರು ಯೋಚಿಸುವ ರೀತಿ ಅದು. "ಖರೇ ಅದ ಬೇಟಾ. ಆದ್ರ ಗಿರಾಕಿ ನಂಬರ್ ನೋಡ್ತಾನ, ರೊಟ್ಟಿ ನೋಡಂಗಿಲ್ಲ" ಎಂದರು. ಈ ಮಾತನ್ನು ಅವರ ದನಿಯಲ್ಲೇ ತೆಗೆದು, ಕುರ್ಚಿಯ ಕಿರುಗುಟ್ಟುವಿಕೆಯನ್ನೂ ಸೇರಿಸಿ, ನಾನು ಎಷ್ಟು ಜನರನ್ನು ನಗಿಸಿದ್ದೇನೋ! ಒಮ್ಮೆ ಚಾಚಾ ಎದುರಿಗೇ ಮಾಡಿ ತೋರಿಸಿದೆ. ಅವರು ಗಂಭೀರವಾಗಿ ಕೇಳಿ, "ಕುರ್ಚಿ ಚಲೋ ಬಂದದ. ನಾನು ಇನ್ನಾ ಬರಬೇಕು" ಎಂದರು.

ನಕಲು ಮಾಡುವವನಿಗೆ ಈ ಕೆಲಸದಷ್ಟು ದೊಡ್ಡ ಖಜಾನೆ ಬೇರಿಲ್ಲ. ದುರ್ಬೀನಿಗೆ ಕಣ್ಣಿಡುವಾಗ ಮನುಷ್ಯ ತನ್ನನ್ನು ತಾನು ಮರೆಯುತ್ತಾನೆ. ಹೆಡ್‌ಮಾಸ್ತರರು ಒಂದು ಕಣ್ಣು ಮುಚ್ಚಲು ಹೋಗಿ ಎರಡೂ ಮುಚ್ಚಿ, "ಭಾಳ ಚಂದ ಅದ" ಎನ್ನುತ್ತಾರೆ. ಇಂಜಿನಿಯರರು ನೋಡುವ ಮೊದಲು ಸ್ಟ್ಯಾಂಡಿನ ತಿರುಪು ಬಿಗಿ ಮಾಡುತ್ತಾರೆ, ಹಿಡಿದಿಟ್ಟ ಚಂದ್ರ ಆ ಕ್ಷಣವೇ ಪಾರು. ಪುಢಾರಿಗಳು ಕಣ್ಣನ್ನು ದುರ್ಬೀನಿನ ಹತ್ತಿರ ತರುತ್ತಾರೆ, ಮುಖವನ್ನು ಫೋಟೋ ತೆಗೆಯುವವನ ಕಡೆ ಇಡುತ್ತಾರೆ. ನಾನಂತೂ ಬಾಯಿ ತೆರೆದುಕೊಂಡು ನೋಡುತ್ತೇನಂತೆ. ಒಬ್ಬರು ಫೋಟೋ ತೋರಿಸಿದ ಮೇಲೆ ಬೇರೆಯವರನ್ನು ಆಡಿಕೊಳ್ಳುವುದನ್ನು ಎರಡು ದಿನ ನಿಲ್ಲಿಸಿದ್ದೆ.

ಚಿತ್ತಾಪುರದ ಮಂಗಳನ ಕಥೆ ಹೇಳಲೇಬೇಕು. ಕೆಲಸಕ್ಕೆ ಹೊಸಬನಿದ್ದೆ, ನನಗೂ ನಂಬರಿನ ಹುಚ್ಚಿತ್ತು. ಒಂದು ಕಾಲೇಜಿನ ಅಂಗಳದಲ್ಲಿ ಪೂರಾ ಆರುನೂರ ಎಪ್ಪತ್ತೈದು ಏರಿಸಿದೆ. ಪಟ್ಟು ಏರಿದಷ್ಟೂ ಕಾಣುವ ಆಕಾಶದ ತುಂಡು ಸಣ್ಣದಾಗುತ್ತದೆ, ಸೂಜಿಯ ಕಣ್ಣಲ್ಲಿ ಜಾತ್ರೆ ಹುಡುಕಿದ ಹಾಗೆ. ಬೆವರು ಸುರಿಸಿ ಹುಡುಕಿದ ಮೇಲೆ ಕೆಂಪಗೆ ಏನೋ ಸಿಕ್ಕಿತು. "ನೋಡ್ರಿ ಸರ್, ಮಂಗಳ!" ಎಂದೆ. ಪ್ರಾಚಾರ್ಯರು ನೋಡಿದರು, ಉಪನ್ಯಾಸಕರು ನೋಡಿದರು. ಎಲ್ಲರೂ ತಲೆದೂಗಿದರು. ಕೊನೆಗೆ ಕಾಲೇಜಿನ ಕಾವಲುಗಾರ ಈರಣ್ಣ ಮಾಮಾ ದುರ್ಬೀನಿಗೆ ಕಣ್ಣಿಡದೆ, ಅದು ತಿರುಗಿದ ದಿಕ್ಕಿಗೆ ಮಾತ್ರ ನೋಡಿ, "ಟವರಿನ ಮ್ಯಾಲಿನ ಲೈಟ್ ಅದು. ಬಂದಾಗಿತ್ತು, ನಿನ್ನೀನೇ ರಿಪೇರಿ ಮಾಡ್ಯಾರ" ಎಂದ. ಮಂಗಳ ಗ್ರಹ ರಿಪೇರಿಯಾದದ್ದು ಚಿತ್ತಾಪುರದಲ್ಲಿ ಮಾತ್ರ. ಅಂದಿನಿಂದ ನಾನು ಯಾವಾಗಲೂ ಇಪ್ಪತ್ತರ ಐಪೀಸ್ ಹಾಕಿಯೇ ಶುರು ಮಾಡುತ್ತೇನೆ. ಭಾಗ್ಯಶ್ರೀ, ನೀನೂ ಹಾಗೇ ಮಾಡು. ಕಡಿಮೆ ಪಟ್ಟಿನಲ್ಲಿ ಮೊದಲು ಹಿಡಿ, ಆಮೇಲೆ ಏರಿಸು.

ಸೇಡಂನಲ್ಲಿ ಒಬ್ಬ ಸಾಹುಕಾರರು ಮಾಳಿಗೆಯ ಮೇಲಿಂದ ತಮ್ಮ ಹೊಲ ಕಾಯಲೆಂದು ದುರ್ಬೀನು ಕೊಂಡರು. ಮೂರನೆಯ ದಿನ ಫೋನು: "ಏ ತಮ್ಮಾ, ನನ್ನ ಆಳು ತಲಿ ಕೆಳಗ ಮಾಡಿ ಕೆಲಸ ಮಾಡಾಕತ್ತಾನ!" ದುರ್ಬೀನಿನ ಜೊತೆ ಬಂದ, ಚಿತ್ರವನ್ನು ನೆಟ್ಟಗೆ ಮಾಡುವ ಮೂಲೆ ಕನ್ನಡಿಯನ್ನು ಅವರು ಡಬ್ಬಿಯಲ್ಲೇ ಬಿಟ್ಟಿದ್ದರು. ಹೋಗಿ ಹಾಕಿಕೊಟ್ಟೆ. ಆಳು ಕಾಲ ಮೇಲೆ ನಿಂತ. ಈಗ ನೆಟ್ಟಗೆ ಕಂಡರೂ ಎಡಗೈ ಬಲಗೈ ಅದಲುಬದಲಾಗಿರುತ್ತದೆ. ಸಾಹುಕಾರರು ನೋಡುತ್ತಾ, "ಇವ ಎಡಚ ಯಾವಾಗ ಆದ?" ಎಂದರು. ನಾನು ಚಹಾ ಕುಡಿಯುವ ನೆವ ಮಾಡಿ ನಗು ನುಂಗಿದೆ.

ಒಂದು ಮಾತನ್ನು ಮಾತ್ರ ನಗದೆ ಹೇಳುತ್ತೇನೆ. ಕೆಲವು ಡಬ್ಬಿಗಳಲ್ಲಿ ಐಪೀಸಿಗೆ ತಿರುಗಿಸಿ ಹಾಕುವ, ಸೂರ್ಯನನ್ನು ನೋಡಲೆಂದು ಕೊಟ್ಟ ಒಂದು ಕಪ್ಪು ಗಾಜು ಇರುತ್ತದೆ. ಅದನ್ನು ಗಿರಾಕಿಯ ಎದುರಿಗೇ ಒಡೆದು ಎಸೆಯಬೇಕು. ಬಿಸಿಗೆ ಅದು ಸೀಳಿದರೆ ಕಣ್ಣು ಹೋಗುತ್ತದೆ. ಸೂರ್ಯನ ಕಡೆಗೆ ಬರಿ ದುರ್ಬೀನು ತಿರುಗಿಸುವುದಂತೂ ಬೇಡವೇ ಬೇಡ.

ನಾನಿದ್ದ ವರ್ಷಗಳಲ್ಲೇ ಕೆಲಸದ ರೀತಿ ಬದಲಾಯಿತು. ಮೊದಲು ಗ್ರಹ ಹುಡುಕಲು ಪಂಚಾಂಗ, ಮುದುಕರು, ಅಂದಾಜು. ಆಮೇಲೆ ಫೋನು ಎತ್ತಿ ಹಿಡಿದರೆ ಯಾವುದು ಗುರು, ಯಾವುದು ಶನಿ ಎಂದು ಅದೇ ಹೇಳತೊಡಗಿತು. ಸುಲಭವಾಯಿತು, ಕಷ್ಟವೂ ಆಯಿತು. ಜನ ಅದೇ ಫೋನಿನಲ್ಲಿ ಆಕಾಶದ ಝಗಮಗ ಚಿತ್ರ ನೋಡಿ ಬರುತ್ತಿದ್ದರು. ಆ ಚಿತ್ರದ ಪಕ್ಕದಲ್ಲಿ ನನ್ನ ಅರವತ್ತು ಮಿಲಿಮೀಟರಿನ ಗಾಜು ಹಬ್ಬದ ಊಟದ ಪಕ್ಕ ಇಟ್ಟ ಒಣ ರೊಟ್ಟಿ. ಕುಂಚಾವರಂ ಕಾಡಿನಂಚಿನಲ್ಲಿ ಮಾತ್ರ ಈ ತಕರಾರು ಬರಲಿಲ್ಲ. ಅಲ್ಲಿನ ಕತ್ತಲು ಅಷ್ಟು ಚೊಕ್ಕ. ನಲವತ್ತೈದು ಪಟ್ಟಿನಲ್ಲಿ ಬರೀ ಆಕಾಶದ ಒಂದು ಮೂಲೆ ತೋರಿಸಿದ್ದೇ ಸಾಕಾಯಿತು, ತೆಲುಗು ಮಾತಾಡುವ ಒಬ್ಬ ತಾತ "ಅಬ್ಬೋ, ಇನ್ನಿ ಚುಕ್ಕಲಾ!" ಎಂದು, ಅಂದರೆ ಇಷ್ಟೊಂದು ಚುಕ್ಕಿಗಳೇ ಎಂದು ಬೆರಗಾಗಿ, ನಕ್ಷತ್ರ ಎಣಿಸಲು ಕೂತುಬಿಟ್ಟ. ಅವನನ್ನು ಏಳಿಸುವುದೇ ಕಷ್ಟವಾಯಿತು.

ಇನ್ನು ನಾನು ಮರೆಯಲಾಗದ್ದು, ಚಿಮ್ಮನಚೋಡದ ಆಚೆಗಿನ ಒಂದು ಸಣ್ಣ ಊರಿನ ಶಾಲೆಯದು.

ಅಲ್ಲಿನ ವಿಜ್ಞಾನದ ಶಿಕ್ಷಕಿ ಶಶಿಕಲಾ ಟೀಚರ್. ಹಳೆಯ ವಿದ್ಯಾರ್ಥಿಗಳು ಶಾಲೆಗೆ ಏನಾದರೂ ಕೊಡುತ್ತೇವೆ ಎಂದಾಗ ಶಾಲಾ ಸಮಿತಿಯ ಅಧ್ಯಕ್ಷ ವೀರಣ್ಣನವರು ಮೈಕ್‌ಸೆಟ್ ಬೇಕೆಂದರು. ಟೀಚರ್ ದುರ್ಬೀನು ಬೇಕೆಂದರು. ಭಾರಿ ಜಗ್ಗಾಟ ನಡೆದು ದುರ್ಬೀನು ಗೆದ್ದಿತು, ಒಂದು ಷರತ್ತಿನ ಮೇಲೆ. ಊರಿಗೆಲ್ಲ ಒಮ್ಮೆ ಶನಿಯ ಉಂಗುರ ತೋರಿಸಬೇಕು. ಕಾಣದಿದ್ದರೆ ದುರ್ಬೀನನ್ನು ನಮ್ಮ ಅಂಗಡಿಗೆ ವಾಪಸ್ ಕೊಟ್ಟು, ಬದಲಿಗೆ ಮೈಕ್‌ಸೆಟ್ ತರುವುದು. ಚಾಚಾ ಎರಡನ್ನೂ ಮಾರುತ್ತಿದ್ದರು, ಅವರಿಗೆ ಯಾವುದಾದರೂ ನಡೆಯುತ್ತಿತ್ತು. ಟೀಚರ್‌ಗೆ ನಡೆಯುವಂತಿರಲಿಲ್ಲ. ನಾನು ಹೋದ ಕೂಡಲೇ ಅವರು ಹೇಳಿದ್ದು ಇಷ್ಟು: "ಹತ್ತು ವರ್ಷ ಆತ್ರಿ, ಶನಿ ಉಂಗುರಾ ಬೋರ್ಡಿನ ಮ್ಯಾಲ ಸುಣ್ಣದ ಕಡ್ಡೀಲೆ ಬರದು ತೋರಸ್ಲಿಕತ್ತೀನಿ. ನಾನೂ ಖರೇ ನೋಡಿಲ್ಲ. ಇವತ್ತು ಕಾಣಲಿಲ್ಲಂದ್ರ ಇನ್ನ ಹತ್ತು ವರ್ಷ ಬೋರ್ಡೇ ಗತಿ."

ದೀಪಾವಳಿ ಮುಗಿದ ಮೇಲಿನ ದಿನಗಳು, ಮೋಡವಿಲ್ಲದ ಆಕಾಶ. ದುರ್ಬೀನು ಇಡಲು ಶಾಲೆಯ ಬಯಲು ಮಾಳಿಗೆಯೇ ಸರಿ ಎಂದು ವೀರಣ್ಣನವರು ಮೊದಲೇ ತೀರ್ಮಾನಿಸಿದ್ದರು. ಆ ಮಾಳಿಗೆಗೆ ನಮ್ಮ ಶಹಾಬಾದದ ಪರಸಿ ಕಲ್ಲು, ನುಣ್ಣಗೆ, ಸಮತಟ್ಟಾಗಿ ಹಾಸಿದ್ದು. "ನಿಮ್ಮ ಊರಿಂದೇ ಪರಸಿ, ನಿಮ್ಮ ಊರಿಂದೇ ದುರ್ಬೀನು. ಎರಡೂ ಜೋಡಿ ಆಗ್ತಾವ" ಎಂದರು. ನನಗೂ ಹೆಮ್ಮೆಯಾಯಿತು.

ಟೀಚರ್ ಹೇಳಿದ್ದು ಶನಿ ಗ್ರಹ ಎಂದು. ಊರಿಗೆ ಮುಟ್ಟಿದ್ದು ಶನಿ ಮಹಾರಾಜರ ದರ್ಶನ ಎಂದು. ಹೀಗಾಗಿ ಬಂದವರೆಲ್ಲ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಕೈಕಾಲು ತೊಳೆದು ಹತ್ತಿದರು. ನನ್ನ ಬೂಟನ್ನೂ ಬಿಡಿಸಿದರು. ಒಬ್ಬ ಹಿರಿಯರು ಒಂದು ಬಟ್ಟಲು ಎಣ್ಣೆ ತಂದು ದುರ್ಬೀನಿನ ನೆತ್ತಿಗೆ ಹಾಕಲು ಬಗ್ಗಿದರು.

"ಕಾಕಾ, ಕಾಕಾ! ಎಣ್ಣಿ ಇದಕ್ಕ ಹಾಕಂಗಿಲ್ರಿ!"

"ಮತ್ತ ಶನಿಗಿ ಎಣ್ಣಿ ಬ್ಯಾಡೇನೋ?"

"ಶನಿಗಿ ಬೇಕ್ರಿ. ಇದು ಶನಿ ಅಲ್ಲ, ಬರೇ ಕಿಟಕಿ."

"ಕಿಟಕಿ ಕಿರ್ ಅಂತಂದ್ರೂ ಎಣ್ಣಿ ಹಾಕ್ತಾರ" ಎಂದು ಗೊಣಗುತ್ತಾ ಅವರು ಬಟ್ಟಲನ್ನು ಸ್ಟ್ಯಾಂಡಿನ ಪಕ್ಕದಲ್ಲಿಟ್ಟರು. ಅದನ್ನು ದಾಟಿ ದಾಟಿ ನನ್ನ ಅರ್ಧ ಸಂಜೆ ಹೋಯಿತು.

ಶನಿಯನ್ನು ಹಿಡಿದೆ. ನನ್ನ ಪದ್ಧತಿಯಂತೆ ಕಡಿಮೆ ಪಟ್ಟಿನಲ್ಲೇ ಮೊದಲು ತೋರಿಸಬೇಕೆಂದರೆ ವೀರಣ್ಣನವರು ಡಬ್ಬಿಯನ್ನು ಬಗಲಲ್ಲಿ ಹಿಡಿದೇ ನಿಂತಿದ್ದರು. "ಇಲ್ಲಿ ಬರದದ್ದು ಆರ್‌ನೂರಾ ಎಪ್ಪತ್ತೈದು. ಒಂದು ಕಮ್ಮಿ ಆದ್ರೂ ನಾ ಒಪ್ಪಂಗಿಲ್ಲ." ತಿಳಿಹೇಳಿದೆ, ಕೇಳಲಿಲ್ಲ. ಏರಿಸಿ ತೋರಿಸಿಯೇ ಬಿಡೋಣ ಎಂದು ಏರಿಸಿದೆ. ಕಂಡದ್ದು ಏನು? ಕತ್ತಲಲ್ಲಿ ಕಾದ ಎಣ್ಣೆಗೆ ಬಿದ್ದ ಭಜಿಯಂತೆ ಕುದಿಯುವ ಒಂದು ಹಳದಿ ಮಚ್ಚೆ, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ ಓಡಿಹೋಗುತ್ತಿತ್ತು.

ಎಣ್ಣೆ ತಂದ ಕಾಕಾ ಮೊದಲು ನೋಡಿ, "ದರ್ಶನ ಆತು" ಎಂದು ಕೈಮುಗಿದರು. ಇನ್ನೊಬ್ಬರು, "ಭಾರಿ ಅದ" ಎಂದರು. ದೇವರು ಕಾಣಲಿಲ್ಲ ಎನ್ನಲು ಯಾರಿಗೆ ಧೈರ್ಯ? ವೀರಣ್ಣನವರು ನೋಡಿ, ಡಬ್ಬಿಯ ಮೇಲಿನ ಚಿತ್ರದ ಕಡೆ ಕಣ್ಣು ಹಾಯಿಸಿದರು. ಆಮೇಲೆ ಶಶಿಕಲಾ ಟೀಚರ್ ನೋಡಿದರು. ಬಹಳ ಹೊತ್ತು ನೋಡಿದರು. ಅವರು ಕೂಡ "ಕಂಡಿತು" ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ದುರ್ಬೀನು ಶಾಲೆಯಲ್ಲಿ ಉಳಿಯುತ್ತಿತ್ತು. ಅವರು ನೆಟ್ಟಗೆ ನಿಂತು, ಸೆರಗು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರು: "ನನಗ ಉಂಗುರಾ ಕಾಣವಲ್ದು. ಕಾಣದ್ದು ಕಂಡದ ಅಂತ ಹುಡುಗೂರಿಗಿ ನಾ ಹ್ಯಾಂಗ ಹೇಳ್ಲಿ?"

"ಮತ್ತ ಮೈಕ್‌ಸೆಟ್ ತರೋದು" ಎಂದರು ವೀರಣ್ಣನವರು, ಡಬ್ಬಿ ಕೆಳಗಿಡುತ್ತಾ.

ಟೀಚರ್ ಮುಖ ನೋಡಲಾಗದೆ ನಾನು ನೆಲ ನೋಡಿದೆ. ನೆಲ ನೋಡಿದಾಗಲೇ ಗೊತ್ತಾದದ್ದು, ನಾನು ಅಷ್ಟೊತ್ತೂ ಒಂದು ಕಾಲು ಎತ್ತಿ ಇನ್ನೊಂದು ಇಡುತ್ತಿದ್ದೆ. ಸುತ್ತ ನೋಡಿದರೆ ಎಲ್ಲರೂ ಹಾಗೇ ಕುಣಿಯುತ್ತಿದ್ದಾರೆ. ಇಡೀ ದಿನ ಬಿಸಿಲು ಕುಡಿದ ಪರಸಿ ಹೊತ್ತು ಮುಳುಗಿದರೂ ಅಂಗಾಲು ಚುರುಗುಟ್ಟಿಸುತ್ತಿತ್ತು. ಕಾಲನ್ನು ಸುಡುವ ಕಲ್ಲು ಮೇಲಿನ ಗಾಳಿಯನ್ನು ಬಿಡುತ್ತದೆಯೇ? ಆ ಬಿಸಿ ಉಗಿಯಂತೆ ಎದ್ದು ದುರ್ಬೀನಿನ ಮುಂದೆಯೇ ತೇಲುತ್ತಿತ್ತು, ನಾವು ಆ ಅಲುಗುವ ಗಾಳಿಯ ಮೂಲಕ ಶನಿಯನ್ನು ನೋಡುತ್ತಿದ್ದೆವು. ಬೂಟು ಬಿಡಿಸದಿದ್ದರೆ ನನಗೆ ಇದು ಹೊಳೆಯುತ್ತಲೇ ಇರಲಿಲ್ಲ. ಹುಟ್ಟಿದಾಗಿನಿಂದ ಪರಸಿಯ ಮೇಲೇ ಬೆಳೆದವನು, ಶಹಾಬಾದದವನು, ನಾನು!

"ಅಧ್ಯಕ್ಷರೇ, ಕಾಲು ಸುಡ್ಲಿಕತ್ತಾವಲ್ರಿ?"

"ಸುಡ್ಲಿಕತ್ತಾವ. ದರ್ಶನಕ್ಕ ಬಂದೀವಿ, ತಾಳ್ಕೋಬೇಕು."

"ಶನಿ ತಾಳ್ಕೊಳ್ಳಂಗಿಲ್ರಿ. ಕೆಳಗ ಮಣ್ಣಿನ ಮ್ಯಾಲ ಹೋಗೋಣು. ಒಮ್ಮೆ ನನ್ನ ಮಾತು ಕೇಳ್ರಿ. ಅಲ್ಲೂ ಕಾಣಲಿಲ್ಲಂದ್ರ ನಾನೇ ಮೈಕ್‌ಸೆಟ್ ಹೊತ್ತು ತರ್ತೀನಿ."

ವೀರಣ್ಣನವರು ಟೀಚರ್ ಕಡೆ ನೋಡಿದರು. ಟೀಚರ್ ಆಗಲೇ ದುರ್ಬೀನಿನ ಕೊಳವೆಯನ್ನು ಸ್ಟ್ಯಾಂಡಿನಿಂದ ಬಿಚ್ಚಿ, ತೊಟ್ಟಿಲ ಕೂಸಿನಂತೆ ಎದೆಗಪ್ಪಿ ಮೆಟ್ಟಿಲಿಳಿಯುತ್ತಿದ್ದರು.

ಶಾಲೆಯ ಹಿಂದೆ ಬಿಸಿಯೂಟಕ್ಕೆಂದು ಸೊಪ್ಪುಪಲ್ಯ ಬೆಳೆಯುವ ಸಣ್ಣ ಹಿತ್ತಲಿತ್ತು. ಸಂಜೆ ನೀರು ಬಿಟ್ಟ ಮಣ್ಣು, ತಣ್ಣಗೆ, ಮೆತ್ತಗೆ. ಸ್ಟ್ಯಾಂಡು ನಡುಗದಂತೆ ಅದರ ನಡುವೆ ನನ್ನ ಚೀಲ ನೇತುಹಾಕಿದೆ. ಎಲ್ಲರೂ ಒಂದು ಸುತ್ತು ಚಹಾ ಕುಡಿಯುವವರೆಗೆ ಕೊಳವೆ ಆರಲಿ ಎಂದು ಬಿಟ್ಟೆ. ಆಮೇಲೆ ಇಪ್ಪತ್ತರ ಐಪೀಸಿನಲ್ಲಿ ಶನಿಯನ್ನು ಹಿಡಿದು, ಹನ್ನೆರಡೂವರೆಯದಕ್ಕೆ ಬದಲಿಸಿದೆ. ಎಪ್ಪತ್ತೆರಡು ಪಟ್ಟು. ನಾಲ್ಕರದನ್ನೂ ಪ್ಲಾಸ್ಟಿಕ್ ಕೊಳವೆಯನ್ನೂ ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ.

ಟೀಚರ್ ಬಗ್ಗಿದರು. ಅವರ ಬಲಗೈ ಮಾತ್ರ ಎದ್ದು, ಗಾಳಿಯಲ್ಲಿ ಬೋರ್ಡಿನ ಮೇಲೆ ಬರೆದಂತೆ ಒಂದು ಉದ್ದುರುಟು ಗೆರೆ ಎಳೆಯಿತು. ಅವರಿಗದು ಗೊತ್ತಾದಂತಿರಲಿಲ್ಲ.

"ಏನ್ರಿ ಟೀಚರ್?"

"ಎಳ್ಳುಕಾಳಿನಷ್ಟು ಅದ" ಎಂದರು. "ಎಳ್ಳುಕಾಳಿಗಿ ಬಳಿ ತೊಡಿಸ್ಯಾರ."

ವೀರಣ್ಣನವರು ಮುಂದೆ ಬಂದರು. "ಇಷ್ಟಽ ಸಣ್ಣದು?" ಎಂದರು ಕಣ್ಣು ತೆಗೆಯದೆ. ಅವರೇ ಮುಂದುವರಿಸಿದರು: "ಆದ್ರ ಬಳಿ ಮೈಗಿ ಹತ್ತಿಲ್ಲಲ್ಲೋ! ನಡುವ ಸಂದು ಅದ. ಏ, ಓಡಿ ಹೋತು, ಹಿಡಿ ಹಿಡಿ!"

"ಅದು ಓಡಿಲ್ರಿ. ನಾವು ತಿರಗ್ಲಿಕತ್ತೀವಿ."

"ನಾ ಇಲ್ಲೇ ನಿಂತೀನಲ್ಲ?"

"ನಿಮ್ಮ ಜತಿಗಿ ಭೂಮೀನೂ ಅದರಿ."

ಹಿಂದಿನವರು ಕೂಗಾಡಿದರೂ ಅವರು ಜಾಗ ಬಿಡಲಿಲ್ಲ. ಎಣ್ಣೆಯ ಕಾಕಾ ಬಂದು ಭುಜ ಹಿಡಿದು ಸರಿಸಬೇಕಾಯಿತು. ಸರಿದವರೇ ಬೇಲಿ ದಾಟಿ ರಸ್ತೆಯ ಕಡೆ ಹೊರಟುಹೋದರು. ಟೀಚರ್ ನನ್ನ ಮುಖ ನೋಡಿದರು. "ಸಣ್ಣದಾತು ಅಂತ ಸಿಟ್ಟಿಗೆದ್ರೇನ್ರಿ?" ಎಂದು ಪಿಸುಗುಟ್ಟಿದರು. ನನಗೂ ಹಾಗೇ ಅನಿಸಿತು. ಅಲ್ಲಿದ್ದವರು ಒಬ್ಬೊಬ್ಬರಾಗಿ ನೋಡುತ್ತಿದ್ದರು. ಟೀಚರ್ ಗಮನ ಮಾತ್ರ ರಸ್ತೆಯ ಮೇಲಿತ್ತು.

ಆಗ ಊರ ನಡುವಿನ ಕಟ್ಟೆಯಿಂದ ವೀರಣ್ಣನವರ ಕೂಗು ಬಂತು.

"ಏ ಮಲ್ಲಪ್ಪಾ! ಏ ಶಾಂತವ್ವಾ! ಟೀವಿ ಬಂದ್ ಮಾಡ್ರೋ! ಸಾಲಿ ಹಿತ್ತಲದಾಗ ಶನಿಗಿ ಬಳಿ ಕಾಣಲಿಕತ್ತದ, ಎದ್ದು ಬರ್ರೋ! ಮುದುಕ್ರು ಬರ್ರಿ, ಮೆಟ್ಟಲ ಹತ್ತೋದಿಲ್ಲ! ಸಣ್ಣದ ಅದ, ಖರೇ ಅದ, ಬರ್ರಿ!"

ಓಣಿ ಓಣಿಯ ಬಾಗಿಲು ತೆರೆದವು. ಮಾಳಿಗೆಗೆ ಬರಲಾಗದವರು, ಬರಲು ಮನಸ್ಸಿಲ್ಲದವರು, ಕೋಲು ಊರಿಕೊಂಡವರು, ಕೂಸು ಎತ್ತಿಕೊಂಡವರು, ಕೈಗೆ ರೊಟ್ಟಿಯ ಹಿಟ್ಟು ಮೆತ್ತಿದವರು, ಎಲ್ಲರೂ ಬಂದರು. ಟೀಚರ್ ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಲ್ಯದ ಮಡಿ ತುಳಿಯದಂತೆ ಪಾಳಿ ಹಚ್ಚಿದರು. ಒಬ್ಬೊಬ್ಬರಿಗೂ ಕಣ್ಣು ಎಲ್ಲಿಡಬೇಕು, ಕೈ ಎಲ್ಲಿಡಬಾರದು ಎಂದು ಅವರೇ ಹೇಳುತ್ತಿದ್ದರು. ನನಗೆ ಶನಿಯನ್ನು ಮತ್ತೆ ಮತ್ತೆ ಹಿಡಿಯುವ ಕೆಲಸ ಮಾತ್ರ ಉಳಿಯಿತು.

ಬಹಳ ಹೊತ್ತಾದ ಮೇಲೆ ಪಾಳಿಯ ತುದಿಯಲ್ಲಿ ವೀರಣ್ಣನವರು ಕಂಡರು. ಕೂಗಿ ಕೂಗಿ ಗಂಟಲು ಪೂರಾ ಕುಳಿತಿತ್ತು.

"ಟೀಚರ್" ಎಂದರು, ಗಾಳಿಯಷ್ಟೇ ಬಂತು. "ಇನ್ನೊಮ್ಮೆ ನೋಡ್ಲೇನ್ರಿ?"

"ಪಾಳಿಗಿ ನಿಂದರ್ರಿ ಅಧ್ಯಕ್ಷರೇ" ಎಂದರು ಶಶಿಕಲಾ ಟೀಚರ್. "ಗಡಬಡಿ ಏನದ? ದುರ್ಬೀನು ನಾಳಿನೂ ಇಲ್ಲೇ ಇರ್ತದ, ನಾಡದೂ ಇಲ್ಲೇ ಇರ್ತದ. ಹೌದಿಲ್ಲೋ?"

ವೀರಣ್ಣನವರು ತಲೆಯಾಡಿಸಿ, ಕೋಲಿನ ಮುದುಕಿಯೊಬ್ಬಳ ಹಿಂದೆ ಸುಮ್ಮನೆ ನಿಂತರು.